ನೀರಲ್ಲಿ ನಿಂತ ಬೆಲ್ಲದ ಡಬ್ಬ

ವಾನಳ್ಳಿ
೧೪–೭–೧೯೯೮, ಮಂಗಳವಾರ

ಚಿ. ಸೌ. ಗಗನಾಳಿಗೆ ನಿನ್ನ ಸೋದರಮಾವ ವೆಂಕಟ್ರಮಣ ಹೆಗಡೆ ಮಾಡುವ ಆಶೀರ್ವಾದಗಳು.

ಮೊದಲಿಗೆ ಒಂದು ವಿಷಯ ತಿಳಿಸಿಬಿಡುತ್ತೇನೆ. ಕಾಶಿಯಿಂದ ರಾಮೇಶ್ವರದವರೆಗೆ ಮೊಟ್ಟೆ ಮುಟ್ಟದೆ ಕೇಕು ಉಬ್ಬಿಸಬಲ್ಲ ಗಂಡಸು ಸದ್ಯಕ್ಕೆ ಒಬ್ಬನೇ ಇರುವುದು, ಅವನು ನಿನ್ನ ಮಾವ. ದಿಲ್ಲಿಯ ಒಂದು ದೊಡ್ಡ ಹೋಟೆಲಿನವರು ‘ತಕ್ಷಣ ಹೊರಟು ಬರುವುದು, ಸಂಬಳ ನೀವು ಹೇಳಿದಷ್ಟು’ ಎಂದು ತಂತಿ ಕಳಿಸಿದ್ದರು. ಎಮ್ಮೆ ಗಬ್ಬವಾಗಿದೆ, ಈಗ ಮನೆ ಬಿಡುವ ಹಾಗಿಲ್ಲ ಎಂದು ನಾನೇ ತಿರುಗಿ ಬರೆದೆ. ತಂತಿ ಎಲ್ಲಿ, ತೋರಿಸು ಎನ್ನಬೇಡ. ಒಲೆ ಹೊತ್ತಿಸುವಾಗ ಬೇರೆ ಕಾಗದ ಸಿಗಲಿಲ್ಲ.

ನಿನ್ನ ಪತ್ರ ಬಂದು ತಿಂಗಳು ದಾಟಿತು. ಉತ್ತರ ತಡವಾದದ್ದಕ್ಕೆ ಸಿಟ್ಟು ಮಾಡಬೇಡ. ಬರೆಯಲು ಕೂತಿಲ್ಲವೆಂದಲ್ಲ. ಕೂತ ಕೂಡಲೇ ಹಾಲು ಉಕ್ಕುತ್ತದೆ, ಇಲ್ಲವೇ ಅನ್ನ ತಳ ಹಿಡಿಯುತ್ತದೆ. ಒಬ್ಬನೇ ಮನುಷ್ಯನ ಹೊಟ್ಟೆಗೆ ಇಷ್ಟೊಂದು ಪಾತ್ರೆ ಬೇಕು ಎಂದು ನನಗೆ ಗೊತ್ತಿರಲಿಲ್ಲ ಮಾರಾಯ್ತಿ. ಉಂಡು ಎದ್ದರೆ ತೊಳೆಯುವುದು, ತೊಳೆದು ಕೂತರೆ ಮತ್ತೆ ಹಸಿವು. ದೇವರು ಹೊಟ್ಟೆಯನ್ನು ದಿನಕ್ಕೊಂದೇ ಸಲ ಹಸಿಯುವ ಹಾಗೆ ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಪ್ರಥಮ ಹೇಗಿದ್ದಾನೆ? ಕವುಚಿಕೊಳ್ಳುತ್ತಾನೆ ಎಂದು ಬರೆದಿದ್ದೆ, ಈಗ ಕೂರುತ್ತಿರಬೇಕು. ಹಲ್ಲು ಬರುವ ಮೊದಲೇ ಅವನಿಗಾಗಿ ಒಂದು ಬಿಸ್ಕೀಟು ಕಂಡುಹಿಡಿದಿಟ್ಟಿದ್ದೇನೆ. ಅದನ್ನು ಮುರಿಯಲು ಈಗ ನನ್ನ ಹಲ್ಲೂ ಸಾಲುತ್ತಿಲ್ಲ, ಅದು ಬೇರೆ ಮಾತು. ಸುಜಯನಿಗೆ ನನ್ನ ಆಶೀರ್ವಾದ ಹೇಳು. ಶಾಲೆಯ ಕೆಲಸ, ಮನೆಯ ಕೆಲಸ ಎರಡೂ ನಿನ್ನ ತಲೆಯ ಮೇಲಿದೆ ಎಂದು ಗೊತ್ತು. ನಿನ್ನ ಅತ್ತೆ ಅಲ್ಲಿರುವುದು ನಿನಗೆ ಆಧಾರವೇ.

ನಿನ್ನ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ‘ಬಾಣಂತನಕ್ಕೆ ಅಂತ ಬಂದ ಅತ್ತೆ ಐದು ತಿಂಗಳಾದರೂ ಊರಿಗೆ ಹೋಗುವ ಮಾತು ಎತ್ತುತ್ತಿಲ್ಲ, ನಾನು ಕೇಳಿದರೆ ಮಾಣಿಗೆ ಎಣ್ಣೆ ಹಚ್ಚಲು ಎದ್ದು ಹೋಗುತ್ತಾಳೆ. ಮಾವಾ, ನಿಮ್ಮಿಬ್ಬರ ನಡುವೆ ಎಂತಾದರೂ ಆಗಿದೆಯಾ?’ ಅಂತ. ಆಗಿದೆ. ಅದನ್ನೇ ಬರೆಯಬೇಕು. ಆದರೆ ಮೊದಲು ಅಡುಗೆಯ ಸುದ್ದಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಬರೆಯಲು ನನಗೆ ಖುಷಿ. ಇನ್ನೊಂದನ್ನು ಬರೆಯಲು ಇಲ್ಲ.

ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಬೇಕರಿ ಹಾಕಿದ್ದು ನಿನಗೆ ಗೊತ್ತಿದೆ. ಆಗ ನೀನು ಗರ್ಭಿಣಿ, ಬರಲಾಗಲಿಲ್ಲ. ಮೊಟ್ಟೆಯಿಲ್ಲದ ಬೇಕರಿ. ಮೂರು ತಾಲೂಕಿನಲ್ಲೇ ಮೊದಲು ಎಂದು ಬೋರ್ಡು ಬರೆಸಿದ್ದೆ. ಅದು ಯಾಕೆ ಹೊಳೆಯಿತು ಗೊತ್ತೇ? ಹಿಂದೊಮ್ಮೆ ನಾನೂ ನಿನ್ನ ಅತ್ತೆಯೂ ಶಿರಸಿ ಪೇಟೆಯಲ್ಲಿ ಹೋಗುವಾಗ ಅವಳು ಒಂದು ಬೇಕರಿಯ ಗಾಜಿನ ಎದುರು ನಿಂತುಬಿಟ್ಟಳು. ಒಳಗೆ ಬಿಳಿ ಕೇಕು, ಮೇಲೆ ಗುಲಾಬಿ ಬಣ್ಣದ ಹೂವು. “ಅದ್ರ ಮೇಲಿನ ಹೂವ ಎಂತರಲ್ಲಿ ಮಾಡ್ತ?” ಎಂದು ಕೇಳಿದಳು. ನಾನು ನಕ್ಕು, “ಕೋಳಿಮೊಟ್ಟೇಲಿ. ತಗಳ್ಳ ಒಂದು?” ಎಂದೆ. ಹಾವು ತುಳಿದವಳ ಹಾಗೆ ಹಿಂದೆ ಸರಿದಳು. ಆದರೆ ಬಸ್ಸು ಹತ್ತುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು. ಜೀವಮಾನವಿಡೀ ಬೇರೆಯವರಿಗೆ ತಿನ್ನಿಸಿದವಳು ಒಂದು ತಿಂಡಿಯನ್ನು ಹೀಗೆ ನೋಡಿದ್ದು ನಾನು ಕಂಡದ್ದು ಅದೊಂದೇ ಸಲ.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ನಮ್ಮವರೆಲ್ಲ ಮೊಟ್ಟೆಗೆ ಹೆದರಿ ಬೇಕರಿಗೆ ಕಾಲಿಡುವುದಿಲ್ಲ, ಮೊಟ್ಟೆಯಿಲ್ಲದ ಬೇಕರಿ ಹಾಕಿದರೆ ನುಗ್ಗಿ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ನುಗ್ಗಿ ಬಂದರು, ಅದು ಸುಳ್ಳಲ್ಲ. ಬಂದವರೆಲ್ಲ ಗಾಜಿನ ಮೇಲೆ ಮೂಗಿಟ್ಟು, “ಇದ್ಕೆ ಮೊಟ್ಟೆ ಹಾಕಿದ್ದಿಲ್ಲೆ ಅಲ್ದಾ? ಖರೆ ಇಲ್ಯ? ಆಣೆ ಮಾಡಿ ಹೇಳ್ತ್ಯ?” ಎಂದು ಕೇಳಿ, ನಾನು ಆಣೆ ಮಾಡಿದ ಮೇಲೆ “ಹಾಂಗಾರೆ ಆತು” ಎಂದು ಖಾರಸೇವೆ ಕಟ್ಟಿಸಿಕೊಂಡು ಹೋದರು. ಮೊಟ್ಟೆ ತಿನ್ನುವವರು, “ಹೆಗಡೇರ ಕೇಕು ಕಟ್ಟಿಗಿ ಇದ್ದಾಂಗೈತಿ” ಎಂದು ಆಚೆ ಅಂಗಡಿಗೆ ಹೋದರು. ನಾನು ಇಟ್ಟುಕೊಂಡಿದ್ದ ಬೇಕರಿ ಕೆಲಸದ ಮಂಜಪ್ಪ ಒಳ್ಳೆಯ ಮನುಷ್ಯ. ಸಂಜೆ ಉಳಿದದ್ದನ್ನೆಲ್ಲ ಬಸ್‌ಸ್ಟ್ಯಾಂಡಿನ ದನಗಳಿಗೆ ಹಾಕುತ್ತಿದ್ದ. ಶಿರಸಿಯ ದನಗಳು ಆ ವರ್ಷ ಮೈ ತುಂಬಿಕೊಂಡದ್ದು ನನ್ನ ಪುಣ್ಯದಿಂದ. ದೀಪಾವಳಿಯ ಹೊತ್ತಿಗೆ ಬೀಗ ಹಾಕಿದೆ. ಊರಲ್ಲಿ, ‘ಹುಬ್ಬಳ್ಳಿ ಪಾರ್ಟಿಗೆ ಒಳ್ಳೇ ರೇಟಿಗೆ ಕೊಟ್ಟೆ’ ಎಂದು ಹೇಳಿದೆ. ಅಲ್ಲಿಂದ ಮನೆಗೆ ಬಂದದ್ದು ಒಂದು ಸಣ್ಣ ಕರೆಂಟಿನ ಒಲೆ ಮಾತ್ರ. ಅಲ್ಯುಮಿನಿಯಂದು, ದುಂಡಗೆ, ಮುಚ್ಚಳಕ್ಕೆ ಗಾಜಿನ ಕಣ್ಣು.

ಆ ಬೇಕರಿಯನ್ನು ನಿನ್ನ ಅತ್ತೆ ಒಂದು ದಿನವೂ ನೋಡಲಿಲ್ಲ ಗಗನಾ. ಉದ್ಘಾಟನೆಯ ದಿನ ನಾನು ಮನೆಗೆ ಊಟಕ್ಕೆ ಕರೆದಿದ್ದೆ. ಹದಿನೈದು ಜನ ಎಂದು ಹೇಳಿದ್ದೆ, ನಲವತ್ತು ಜನ ಬಂದರು. ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ. ಆಮೇಲೆ ಇವತ್ತು ನಾಳೆ ಎನ್ನುವುದರಲ್ಲಿ ಬೀಗವೇ ಬಿತ್ತು.

ಅವಳು ನಿನ್ನ ಮನೆಗೆ ಹೊರಟ ಮೇಲೆ ನಾನು ಪ್ರಯೋಗ ಶುರು ಮಾಡಿದೆ. ಮೊದಮೊದಲು ಬೇಜಾರಿಗೆ, ಆಮೇಲೆ ಹಟಕ್ಕೆ. ಅಬ್ಬ, ಅದೊಂದು ಬೇರೆಯೇ ಸುಖ. ಹಿಟ್ಟು, ಹುಳಿಮಜ್ಜಿಗೆ, ಚಿಟಿಕೆ ಸೋಡ ಸೇರಿಸಿದಾಗ ಅದು ಮೆಲ್ಲಗೆ ಉಸಿರಾಡಲು ಶುರು ಮಾಡುತ್ತದಲ್ಲ, ಆಗ ಮಂಡಿನೋವೂ ಮರೆತುಹೋಗುತ್ತದೆ. ಗಾಜಿನ ಕಣ್ಣಿಗೆ ಕಣ್ಣಿಟ್ಟು ಕೂತರೆ ನಡುವೆ ಒಂದು ಗುಳ್ಳೆ ಬಂದು ಒಡೆಯುತ್ತದೆ, ಆಮೇಲೆ ಇಡೀ ಮೈ ಎದ್ದು ಬರುತ್ತದೆ. ಕರೆಂಟು ಹೋದರೆ ಹಾಗೇ ಕುಸಿಯುತ್ತದೆ, ನಮ್ಮ ಹಾಗೆ. ನಮ್ಮಲ್ಲಿ ಕರೆಂಟು ಹೋಗದ ದಿನ ಯಾವುದಿದೆ? ಅದಕ್ಕೂ ದಾರಿ ಕಂಡುಹಿಡಿದೆ. ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಒಳಗೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ಕೆಂಡ. ನನ್ನ ಅಜ್ಜಿ ಸೌತೆಕಾಯಿಯ ಸಿಹಿ ಸುಡುತ್ತಿದ್ದದ್ದೂ ಹೀಗೇ. ಆದರೆ ಇದನ್ನು ನಾನೇ ಕಂಡುಹಿಡಿದೆ ಎಂದು ಊರಿಗೆಲ್ಲ ಹೇಳಿದ್ದೇನೆ, ನೀನು ಸುಮ್ಮನಿರು.

ಹಲಸಿನ ಹಣ್ಣಿನ ಕೇಕು ಮಾಡಿದೆ. ಬಾಳೆಲೆ ಹಾಸಿ ಸುಟ್ಟದ್ದು, ಮೂರು ಮನೆಯ ಆಚೆಗೂ ಪರಿಮಳ. ಮುರುಗಲ ಹುಳಿ ಹಾಕಿ ಒಂದು ಬಿಸ್ಕೀಟು ಮಾಡಿದೆ, ಅದೇ ಈಗ ಪ್ರಥಮನಿಗೆಂದು ಎತ್ತಿಟ್ಟದ್ದು. ಹಲಸಿನ ಬೇಳೆ ಒಣಗಿಸಿ ಬೀಸಿ ಬ್ರೆಡ್ಡು ಮಾಡಲು ಹೋದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊಟ್ಟಿಗೆ ಕೆಲಸಕ್ಕೆ ಬರುವ ದುರ್ಗಮ್ಮ ಅದನ್ನು ಎಮ್ಮೆಯ ಮುಂದೆ ಹಿಡಿದು, ನನ್ನ ಕಡೆ ತಿರುಗಿ, “ಹೆಗಡೇರೇ, ಎಮ್ಮೆನೇ ಮೂಸಿ ಬಿಡ್ತು. ಪರಿಮಳಮ್ಮ ಬರೂವರ್ಗೆ ನಿಮ್ ಹಲ್ಲು ಉಳದ್ರೆ ಸಾಕು” ಎಂದಳು. ಅವಳೇ ನನ್ನ ರುಚಿ ನೋಡುವ ಅಧಿಕಾರಿ. ಏನು ಕೊಟ್ಟರೂ ತಿಂದು, ಬೈದು, ಇನ್ನೊಂದು ತುಂಡು ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ.

ಪಕ್ಕದ ಮನೆಯ ಮಧುಕೇಶ್ವರ ಮಾತ್ರ ತಿನ್ನುವುದಿಲ್ಲ, ಚುಚ್ಚುತ್ತಾನೆ. ನಿನ್ನೆಯೂ ಬೇಲಿಯ ಮೇಲಿಂದ, “ಎಂತ ಭಾವಾ, ಅಕ್ಕಯ್ಯ ಇನ್ನೂ ಬಂಜಿಲ್ಯ? ಮಾಣಿ ಶಾಲೆಗೆ ಹೋದ ಮೇಲೇ ಬಪ್ದಾ?” ಎಂದ. “ಎಂಗೆ ಒಬ್ನಿಗೇ ಆರಾಮಿದ್ದು. ಆನೇ ನಿಲ್ಲು ಹೇಳಿದ್ದಿ” ಎಂದೆ. ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಜನವರಿಯಲ್ಲಿ ಅವಳನ್ನು ಯಲ್ಲಾಪುರದ ಬಸ್ಸು ಹತ್ತಿಸಲು ಶಿರಸಿಗೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಅವಳು ಕೇಳಿದಳು, “ಬೇಕರೀಲಿ ಎಷ್ಟು ಹೋತು?” ಎಂದು. “ಐದು ಸಾವಿರ” ಎಂದೆ. “ನಿನ್ನೆ ಮಧುಕೇಶ್ವರಂಗೆ ಮೂರು ಹೇಳಿದ್ದಿ” ಎಂದಳು. “ಹಾಂಗಾರೆ ಎಂಟು ಇಟ್ಕ” ಎಂದೆ ನಗುತ್ತ. ಅವಳು ನಗಲಿಲ್ಲ. ದನಿ ಏರಿಸಲೂ ಇಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಇಷ್ಟೇ ಹೇಳಿದಳು. “ಎಷ್ಟು ಜನ ಊಟಕ್ಕೆ ಬತ್ತ ಹೇಳಿ ಗೊತ್ತಿಲ್ದೆ ಅನ್ನಕ್ಕೆ ಇಡದು ಹ್ಯಾಂಗೆ? ನಾಕು ಹೇಳ್ರೆ ನಾಕಕ್ಕೆ ಇಡ್ತೆ, ನಲವತ್ತು ಹೇಳ್ರೆ ನಲವತ್ತಕ್ಕೆ ಇಡ್ತೆ. ಯಾವತ್ತಾದ್ರೂ ಬೈದಿದ್ನ? ಇಷ್ಟು ವರ್ಷ ನಿಂಗ ಎಂಗೆ ಒಂದಿನವೂ ಸರಿ ಲೆಕ್ಕ ಹೇಳಿದ್ದಿಲ್ಲೆ. ಎಂಗೆ ಸಾಕಾತು. ಎಷ್ಟು ಹೋತು ಹೇಳಿ ಒಂದ್ಸಲ ಸರಿ ಹೇಳಿ, ಆನು ಬತ್ತೆ.” ಬಸ್ಸು ಹೊರಟಿತು.

ಅವಳಿಗೆ ಬೇಕಾದದ್ದು ಅದೊಂದೇ, ಮಗಳೇ. ದುಡ್ಡು ವಾಪಸು ಕೇಳಲಿಲ್ಲ, ತಪ್ಪಾಯಿತು ಎನ್ನು ಎನ್ನಲಿಲ್ಲ. ಒಂದು ಸಂಖ್ಯೆ. ಅದನ್ನು ಹೇಳುವುದು ಬಿಟ್ಟು ನಾನು ಬಾಕಿ ಎಲ್ಲ ಮಾಡಿದೆ. ಕೇಕು ಸುಟ್ಟೆ.

ಒಳ್ಳೆಯದಾಗಿ ಬಂದ ಕೇಕನ್ನೆಲ್ಲ ಸ್ಟೀಲಿನ ಡಬ್ಬಿಗೆ ಹಾಕಿ, ಬೆಳಗಿನ ಬಸ್ಸಿಗೆ ಶಿರಸಿಗೆ ಒಯ್ದು, ಯಲ್ಲಾಪುರ ಬಸ್ಸಿನ ಕಂಡಕ್ಟರ್ ಸತೀಶನ ಕೈಗೆ ಕೊಡುತ್ತಿದ್ದೆ. ಹಾನಗಲ್ಲ ಕಡೆಯ ಹುಡುಗ, ನಂಬಿಕಸ್ಥ. ನಿಮ್ಮ ಮನೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರಿಗೇ ಇರುವುದರಿಂದ ನೀನು ಶಾಲೆಗೆ ಹೋದ ಹೊತ್ತಿನಲ್ಲಿ ಅವಳೇ ಮಾಣಿಯನ್ನು ಎತ್ತಿಕೊಂಡು ಬಂದು ಇಸಿದುಕೊಳ್ಳುತ್ತಿದ್ದಳಂತೆ. ನಿನಗೂ ಒಂದು ತುಂಡು ಸಿಕ್ಕಿರಬೇಕು. ಪ್ರತಿ ಸಲವೂ ಜೊತೆಗೆ ಒಂದು ಚೀಟಿ ಇಡುತ್ತಿದ್ದೆ. ‘ಇಂಥ ಕೇಕು ಬೊಂಬಾಯಿಯಲ್ಲೂ ಸಿಗದು’, ‘ಮಾಡಿದವನ ಹೆಸರು ಕೇಳಿದರೆ ಸಾಕು, ಬೇಕರಿಯವರು ಅಂಗಡಿ ಮುಚ್ಚುತ್ತಾರೆ’ ಎಂದೆಲ್ಲ. ಮಾರನೆಯ ದಿನ ಸತೀಶ ಡಬ್ಬಿ ವಾಪಸು ತರುತ್ತಿದ್ದ. ತೊಳೆದು, ಒರೆಸಿ, ಹೊಳೆಯುವ ಹಾಗೆ. ಖಾಲಿ.

ಖಾಲಿ ಡಬ್ಬಿ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕೇ? ನಮ್ಮ ಮನೆಯಲ್ಲಿ ಬೆಳೆದವಳು ನೀನು. ಮಜ್ಜಿಗೆ ಕೊಟ್ಟ ಗಿಂಡಿಯನ್ನು ಕೂಡ ನಿನ್ನ ಅತ್ತೆ ಬರಿದಾಗಿ ವಾಪಸು ಕೊಟ್ಟವಳಲ್ಲ. ಏನೂ ಇಲ್ಲದಿದ್ದರೆ ಎರಡು ಕಾಳು ಸಕ್ಕರೆ, ಅದೂ ಇಲ್ಲದಿದ್ದರೆ ಹಿತ್ತಲಿನ ಒಂದು ಹೂವು. ವೈರಿಯ ಮನೆಯ ಪಾತ್ರೆಗೂ ಬೆಲ್ಲದ ಚೂರು ಹಾಕಿ ಕಳಿಸಿದವಳು ನನ್ನ ಡಬ್ಬಿಯನ್ನು ಬರಿದು ಕಳಿಸಿದಳು. ಹಲಸಿನ ಕೇಕಿಗೆ ಖಾಲಿ. ಬಾಳೆಹಣ್ಣಿನದಕ್ಕೆ ಖಾಲಿ. ಸಕ್ಕರೆ ಪಾಕದಲ್ಲಿ ಗುಲಾಬಿ ಹೂವು ಬಿಡಿಸಿದ ಬಿಳಿ ಕೇಕಿಗೂ ಖಾಲಿಯೇ. ಆ ಹೂವಿಗೆ ಬೀಟ್‌ರೂಟಿನ ರಸ ಹಿಂಡಿ ಬಣ್ಣ ಮಾಡಿದ್ದೆ, ನನ್ನ ಕೈ ಮೂರು ದಿನ ಕೆಂಪಗಿತ್ತು. ಡಬ್ಬಿಯ ಒಳಗೆ ಮುಖ ಹಾಕಿ ನೋಡಿದರೆ ನನ್ನ ಮುಖವೇ ಕಾಣುತ್ತಿತ್ತು.

ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು. ಬೇರೆ ಏಕಾದಶಿಗಳಲ್ಲಿ ನಾನು ಅವಲಕ್ಕಿಯ ಜೊತೆ ರಾಜಿ ಮಾಡಿಕೊಳ್ಳುವವನು, ಆದರೆ ಅದೊಂದು ದಿನ ನೀರೂ ಅಷ್ಟಕ್ಕಷ್ಟೇ. ಮೈಯಲ್ಲಿ ಶೀತ ಬೇರೆ, ಮೂಗು ಕಟ್ಟಿಹೋಗಿತ್ತು. ದುರ್ಗಮ್ಮ ಮಗಳ ಮನೆಗೆ ಹೋಗಿದ್ದಳು. ಊಟವಿಲ್ಲದ ದಿನ ಕೆಲಸವೂ ಇಲ್ಲ, ದೊಡ್ಡ ಕೇಕು ಒಂದು ಮಾಡೋಣ ಎನ್ನಿಸಿತು. ಅದಕ್ಕೆ ತಕ್ಕ ತಟ್ಟೆ ಬೇಕಲ್ಲ. ಮನೆಯೆಲ್ಲ ಹುಡುಕಿದಾಗ ಉಗ್ರಾಣದಲ್ಲಿ ಒಂದು ಅಲ್ಯುಮಿನಿಯಂ ಪರಾತ ಸಿಕ್ಕಿತು. ನನ್ನ ದುಂಡು ಒಲೆಗೆ ಅಳೆದು ಮಾಡಿಸಿದ ಹಾಗಿತ್ತು. ಅದರಲ್ಲಿ ಒಂದು ಡಬ್ಬ ನಿಂತಿತ್ತು. ಡಬ್ಬವನ್ನು ಆಚೆ ಎತ್ತಿಟ್ಟು, ಪರಾತ ತೊಳೆದು, ತುಪ್ಪ ಸವರಿ ಸಿದ್ಧ ಮಾಡಿದೆ.

ಉಗ್ರಾಣದ ಆ ಮೂಲೆಯಲ್ಲಿ ಎರಡು ಡಬ್ಬ ಇರುವುದು ನೀನು ಚಿಕ್ಕವಳಿರುವಾಗಿನಿಂದ ನೋಡಿದ್ದೀ. ಒಂದೇ ಅಳತೆ, ಒಂದೇ ತುಕ್ಕು. ಒಂದರಲ್ಲಿ ಜೋನಿಬೆಲ್ಲ. ಇನ್ನೊಂದರಲ್ಲಿ ಚೊಗರು, ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿ ಮುಂದಿನ ಕೊಯ್ಲಿಗೆ ಬಣ್ಣ ಕೊಡಲು ಇಟ್ಟದ್ದು. ಎರಡೂ ಕಪ್ಪು ಕೆಂಪು, ಎರಡೂ ಸೌಟಿನಿಂದ ನೂಲಿನ ಹಾಗೆ ಇಳಿಯುತ್ತವೆ. ನಾಲಿಗೆಗೆ ಇಟ್ಟರೆ ಮಾತ್ರ ಒಂದು ದೇವಲೋಕ, ಇನ್ನೊಂದಕ್ಕೆ ನಾಲಿಗೆಯೇ ಮುದುರಿ ಗಂಟಲಿಗೆ ಇಳಿಯುತ್ತದೆ. ನಿನ್ನ ಅತ್ತೆ ಇರುವಾಗ ಎರಡನ್ನೂ ಯಾರೂ ಅದಲು ಬದಲು ಮಾಡಿದ್ದಿಲ್ಲ. ಅವಳು ಬೆಲ್ಲದ ಡಬ್ಬವನ್ನು ಪರಾತದಲ್ಲಿ ನೀರು ಹಾಕಿ ಅದರಲ್ಲಿ ನಿಲ್ಲಿಸುತ್ತಿದ್ದಳು, ಇರುವೆ ಹತ್ತಬಾರದೆಂದು. ಚೊಗರಿಗೆ ಯಾವ ಇರುವೆಯ ಕಾಟ? ಅವಳು ಹೋದ ಮೇಲೆ ಆ ನೀರು ಯಾವಾಗ ಆರಿತೋ. ಅದು ಯಾಕಿತ್ತೆಂದು ಆಗಲೂ ನಾನು ಯೋಚಿಸಿರಲಿಲ್ಲ.

ಬೆಲ್ಲವೆಂದುಕೊಂಡು ನನ್ನ ಕೈ ಹೋದದ್ದು ಚೊಗರಿಗೆ. ಮೂರು ಸೌಟು ಹಾಕಿದೆ. ಬಣ್ಣ ಬಂತು ನೋಡು, ಗಗನಾ! ಹೊಳೆಯುವ ಕಪ್ಪು. ಉಬ್ಬಿದ್ದಕ್ಕೆ ಒಲೆಯ ಮುಚ್ಚಳವೇ ಸ್ವಲ್ಪ ಎದ್ದಿತು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಕೇಕು ಆಗಿದ್ದಿಲ್ಲ. ಉಪವಾಸ, ರುಚಿ ನೋಡುವ ಹಾಗಿಲ್ಲ. ಮೂಗು ಕಟ್ಟಿದೆ, ಮೂಸುವ ಹಾಗೂ ಇಲ್ಲ. ‘ಇದು ಚಾಕೊಲೇಟ್ ಕೇಕು, ಇದರ ಗುಟ್ಟು ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತು’ ಎಂದು ಚೀಟಿ ಬರೆದು ಮರುದಿನ ಸತೀಶನ ಕೈಗೆ ಕೊಟ್ಟೆ.

ಮನೆಗೆ ಬಂದು, ಸ್ನಾನ ಮಾಡಿ, ಅನ್ನಕ್ಕೆ ಇಟ್ಟು, ಪರಾತದ ಅಂಚಿಗೆ ಅಂಟಿದ್ದ ಒಂದು ಚೂರು ಕೆರೆದು ಬಾಯಿಗೆ ಹಾಕಿಕೊಂಡೆ.

ಆಮೇಲಿನದು ಬರೆಯಲು ಶಬ್ದವಿಲ್ಲ. ಬಾವಿಕಟ್ಟೆಗೆ ಓಡಿದೆ. ಎಷ್ಟು ಬಾಯಿ ಮುಕ್ಕಳಿಸಿದರೂ ಕೆನ್ನೆ ಒಳಗೊಳಗೇ ಅಂಟಿಕೊಳ್ಳುತ್ತಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಷ್ಟು ಹೊತ್ತಿಗೆ ಬಸ್ಸು ಮಂಚಿಕೇರಿ ದಾಟಿರಬೇಕು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ದಣಿವು ಬಂತು. ಆರು ತಿಂಗಳು ಒಲೆ ಊದಿದ್ದು, ಒರಳಲ್ಲಿ ಹಿಟ್ಟು ರುಬ್ಬಿದ್ದು, ನೀರು ಸೇದಿದ್ದು ಎಲ್ಲ ಒಟ್ಟಿಗೇ ಮೈಮೇಲೆ ಬಂದು ಕೂತ ಹಾಗಾಯಿತು. ಬಲಭುಜ ಎತ್ತಲು ಆಗುತ್ತಿರಲಿಲ್ಲ. ‘ಬಲಗೈ ಎತ್ತುಲೆ ಆಗ್ತಿಲ್ಲೆ, ಒಂ ಗ್ರೈಂಡರ್ ತಗಂಡ್ರೆ ಹ್ಯಾಂಗೆ’ ಎಂದು ನಿನ್ನ ಅತ್ತೆ ಎಷ್ಟು ವರ್ಷದಿಂದ ಹೇಳುತ್ತಿದ್ದಳೋ. ಗ್ರೈಂಡರಿನಲ್ಲಿ ರುಬ್ಬಿದ್ದು ರುಚಿಯಿಲ್ಲ ಎಂದು ನಾನು ಹೇಳುತ್ತಿದ್ದೆ. ರುಚಿ ಅವಳ ಭುಜದಿಂದ ಬರುತ್ತಿತ್ತು ಎಂದು ಗೊತ್ತಾಗಲು ನನಗೆ ನನ್ನ ಭುಜವೇ ಹೋಗಬೇಕಾಯಿತು.

ಮಾರನೆಯ ದಿನ ಶಿರಸಿಗೆ ಹೋಗಬಾರದು ಎಂದುಕೊಂಡೆ. ಹೋದೆ. ಸತೀಶ ಬಸ್ಸಿನ ಬಾಗಿಲಲ್ಲೇ ನಿಂತಿದ್ದ. “ಹೆಗಡೇರ, ಈ ಸಲ ಡಬ್ಬಿ ಭಾರ ಐತ್ರಿ” ಎಂದ.

ಕೇಕೇ ವಾಪಸು ಬಂತು ಎಂದುಕೊಂಡೆ. ಮುಚ್ಚಳ ತೆಗೆದೆ. ಒಳಗೆ ಒಂದು ಚಿಕ್ಕ ಬಾಟಲಿ, ಬಟ್ಟೆ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. ಬಾಟಲಿಯ ತುಂಬ ಜೋನಿಬೆಲ್ಲ.

“ಅಮ್ಮಾರು ಅಲ್ಲೇ ಸ್ಟ್ಯಾಂಡಿನಾಗ ಡಬ್ಬಿ ತಗದು ಒಂದು ಚೂರು ಬಾಯಿಗೆ ಹಾಕ್ಕೊಂಡ್ರು ನೋಡ್ರಿ,” ಎಂದ ಸತೀಶ. “ಮುಖ ಹಿಂಗ ಹಿಂಡಿದ್ರು. ಆಮ್ಯಾಲ ನಗಾಕ ಹತ್ತಿದ್ರು. ಏನ್ ನಗೋದ್ರೀ ಅದು! ಸೊಂಟದ ಮ್ಯಾಲಿನ ಕೂಸೂ ನಗಾಕ ಹತ್ತಿತು. ಡ್ರೈವರ್ ಹಾರ್ನ್ ಹೊಡೆದ್ರೂ ನಿಲ್ಲಸ್ಲಿಲ್ಲ. ಕಣ್ಣಾಗ ನೀರು ಬಂತು, ಸೆರಗಿನಾಗ ಒರಸ್ಕೊಂಡು, ‘ತಟ್ಟೇಲಿ ನೀರು ಹಾಕಿ ನಿಲ್ಸಿದ್ದೇ ಬೆಲ್ಲ ಅಂತ ಹೇಳು ಅವರಿಗೆ’ ಅಂದ್ರು. ಏನ್ರೀ ಅದು, ಒಗಟೇನು?”

“ಒಗಟು ಅಲ್ಲೋ ಮಾರಾಯಾ,” ಎಂದೆ. “ಅಡುಗೆ ವಿಷಯ.”

ಎಲ್ಲಿ ಯಲ್ಲಾಪುರ, ಎಲ್ಲಿ ವಾನಳ್ಳಿಯ ಉಗ್ರಾಣ! ಒಂದು ಚೂರು ನಾಲಿಗೆಗೆ ತಾಗಿದ್ದೇ ತಡ, ನಾನು ಪರಾತ ತೆಗೆದದ್ದು, ಡಬ್ಬ ಅದಲು ಬದಲಾದದ್ದು ಎಲ್ಲ ಅವಳ ಕಣ್ಣಿಗೆ ಕಂಡಿತು. ನಾನು ಹೆಮ್ಮೆಯಿಂದ ಕಳಿಸಿದ ಒಳ್ಳೆಯ ಕೇಕಿಗೆಲ್ಲ ಬಾಯಿ ಬಿಡದವಳು ಈ ಹಾಳು ಕೇಕಿಗೆ ನಕ್ಕು, ಬೆಲ್ಲ ಕಳಿಸಿದಳು. ಯೋಚನೆ ಮಾಡಿದೆ. ನಾನು ಅವಳಿಗೆ ಕಳಿಸಿದ್ದರಲ್ಲಿ ಬಣ್ಣ ಹಚ್ಚದೆ ಹೋದದ್ದು ಅದೊಂದೇ ಇರಬೇಕು. ಬಣ್ಣದ ಡಬ್ಬವನ್ನೇ ಸುರಿದಿದ್ದರೂ ಸಹ.

ಅದೇ ಸಂಜೆ ಎರಡೂ ಡಬ್ಬದಿಂದ ಒಂದೊಂದು ಹನಿ ನಾಲಿಗೆಗೆ ಹಚ್ಚಿ ನೋಡಿ, ಬೆಲ್ಲದ್ದನ್ನು ಪರಾತದಲ್ಲಿ ನಿಲ್ಲಿಸಿ ನೀರು ಹೊಯ್ದೆ. ಅದರೊಳಗೆ ಆಗಲೇ ಇರುವೆ ಸಂಸಾರ ಹೂಡಿತ್ತು, ಬಟ್ಟೆಯಲ್ಲಿ ಸೋಸಿದೆ. ಈಗ ಕೇಕಿಗೆ ತಟ್ಟೆಯಿಲ್ಲ. ಇಲ್ಲದಿದ್ದರೂ ನಡೆಯುತ್ತದೆ.

ನಾನೇ ಬಂದು ಬಾಯಿಬಿಟ್ಟು ಹೇಳೋಣ ಎಂದು ಮೊನ್ನೆ ಶುಕ್ರವಾರ ಸತೀಶನ ಬಸ್ಸು ಹತ್ತಿದೆ. ಸುಳ್ಳಲ್ಲ, ಅವನನ್ನು ಕೇಳು. ಶಿರಸಿ ಬಿಡುವಾಗ ಸರಿಯಾದ ಸಂಖ್ಯೆ ನನ್ನ ಬಾಯಲ್ಲಿತ್ತು. ಭೈರುಂಬೆ ಬರುವಷ್ಟರಲ್ಲಿ ಅದು ಮುಕ್ಕಾಲಾಯಿತು. ‘ಅಷ್ಟೆಲ್ಲ ಯಾಕೆ ಹೇಳಬೇಕು, ಪಾತ್ರೆಪಗಡೆ ಮಾರಿದ್ದು ಕಳೆದರೆ ಇಷ್ಟೇ ಅಲ್ಲವೇ’ ಎಂದು ಒಳಗಿನವನು ಹೇಳಿದ. ಮಂಚಿಕೇರಿಯಲ್ಲಿ ಅರ್ಧವಾಗಿತ್ತು. ಇನ್ನು ಯಲ್ಲಾಪುರ ಮುಟ್ಟಿದರೆ ಲಾಭವೇ ಆಯಿತು ಎಂದು ಹೇಳಿಬಿಡುತ್ತೇನೆ ಎಂದು ಹೆದರಿಕೆಯಾಗಿ ಇಳಿದುಬಿಟ್ಟೆ. ಒಂದು ಚಾ ಕುಡಿದು ತಿರುಗಿ ಬಂದೆ. ಇಳಿಯುವಾಗ ಸತೀಶ ಟಿಕೇಟಿನ ಬಾಕಿ ಚಿಲ್ಲರೆ ಕೊಟ್ಟು, “ಹೆಗಡೇರ, ಡಬ್ಬಿ ಇಲ್ಲದ ಎಂದೂ ಬಂದಿದ್ದಿಲ್ಲ ನೀವು. ಇವತ್ತ ಏನು ಮರತ್ರಿ?” ಎಂದು ಕೇಳಿದ. ಚಿಲ್ಲರೆ ಎಣಿಸುತ್ತ ಇಳಿದೆ.

ನನ್ನ ಬಾಯಿ ಹಾಗೆ, ಏನು ಮಾಡಲಿ. ಬಂದದ್ದನ್ನು ಉಬ್ಬಿಸುತ್ತದೆ, ಹೋದದ್ದನ್ನು ಕುಗ್ಗಿಸುತ್ತದೆ. ಕಾಗದದ ಮೇಲೆ ಒಮ್ಮೆ ಬರೆದರೆ ಬಸ್ಸಿನ ಜೊತೆ ಕರಗುವುದಿಲ್ಲ ಎಂದು ಇದನ್ನು ಬರೆಯಲು ಕೂತದ್ದು. ಈ ಪತ್ರದಲ್ಲಿ ಮೇಲೆ ಬರೆದದ್ದನ್ನೆಲ್ಲ ನಿನ್ನ ಅತ್ತೆಗೆ ಓದುವುದು ಬೇಡ. ದಿಲ್ಲಿಯ ತಂತಿಯದಂತೂ ಖಂಡಿತ ಬೇಡ. ಕೆಳಗೆ ತಾ.ಕ. ಎಂದು ಬರೆದದ್ದನ್ನು ಮಾತ್ರ, ಅವಳು ಕೂತಿರುವಾಗ, ಕೈಯಲ್ಲಿ ಕೆಲಸವಿಲ್ಲದಿರುವಾಗ ಓದಿ ಹೇಳು. ಕೆಲಸವಿಲ್ಲದ ಹೊತ್ತು ಅವಳಿಗೆ ಸಿಗುವುದಿಲ್ಲ, ನೀನೇ ಮಾಣಿಯನ್ನು ಎತ್ತಿಕೊಂಡು ಮಾಡಿಕೊಡು. ಓದುವಾಗ ನನ್ನ ಪರವಾಗಿ ಒಂದು ಮಾತೂ ಸೇರಿಸಬೇಡ.

ಬರುವುದು ಬಿಡುವುದು ಅವಳ ಇಷ್ಟ. ಬಂದರೆ ಅವತ್ತು ಅಡುಗೆ ನನ್ನದು. ಒಬ್ಬರನ್ನೂ ಊಟಕ್ಕೆ ಕರೆಯುವುದಿಲ್ಲ. ಇಬ್ಬರಿಗೆ ಎಷ್ಟು ಅಕ್ಕಿ ಬೇಕು ಎಂದು ಈಗ ನನಗೆ ಗೊತ್ತಿದೆ.

ಪ್ರಥಮನ ಕೆನ್ನೆಗೆ ಒಂದು ಮುತ್ತು ಕೊಡು. ನೀನು, ಸುಜಯ, ಮಾಣಿ ಮೂವರೂ ತಂಪಾಗಿರಿ, ಹೊಟ್ಟೆ ತುಂಬ ಉಣ್ಣಿರಿ, ಉಣಿಸಿದವರ ಮುಖ ನೋಡಿ ಉಣ್ಣಿರಿ.

ಇಂತು ನಿನ್ನ ಪ್ರೀತಿಯ ಮಾವ,
ವೆಂಕಟ್ರಮಣ ಗಣಪತಿ ಹೆಗಡೆ

ತಾ.ಕ.: ಪರಿಮಳಾ, ಕಳೆದ ವರ್ಷ ಯುಗಾದಿ ಮುಗಿದ ವಾರ ಸೊಸೈಟಿಯ ಪಾಸುಪುಸ್ತಕ ಹಳೆಯದಾಗಿದೆ, ಬದಲಿಸಲು ನಿನ್ನ ಸಹಿ ಬೇಕು ಎಂದು ಹೇಳಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೆ. ನೀನು ಹಪ್ಪಳದ ಹಿಟ್ಟಿನ ಕೈ ತೊಳೆದು ಬಂದು, ಓದದೆ ಹಾಕಿದ್ದೆ. ಅದು ಪುಸ್ತಕ ಬದಲಿಸಲು ಅಲ್ಲ, ನೀನು ಹಲಸಿನ ಹಪ್ಪಳ ಮಾರಿ ಗ್ರೈಂಡರಿಗೆಂದು ಕೂಡಿಟ್ಟ ದುಡ್ಡು ತೆಗೆಯಲು. ಅದು ಇನ್ನೂ ಅಲ್ಲೇ ಇದೆ ಎಂದು ನೀನು ತಿಳಿದಿದ್ದೀಯೋ, ಅಥವಾ ಇಲ್ಲವೆಂದು ಗೊತ್ತಿದ್ದೇ ಬಸ್ಸಿನ ಕಿಟಕಿಯಿಂದ ಕೇಳಿದೆಯೋ ನನಗೆ ತಿಳಿಯದು. ಮೂರಲ್ಲ, ಐದಲ್ಲ, ಎಂಟಲ್ಲ. ನಿನ್ನ ಹದಿನಾಲ್ಕು ಸಾವಿರದ ಇನ್ನೂರೂ ಸೇರಿ ಬೇಕರಿಯಲ್ಲಿ ನಾನು ಕಳೆದದ್ದು ಅರವತ್ತೆರಡು ಸಾವಿರದ ಎಂಟುನೂರ ಐವತ್ತು ರೂಪಾಯಿ.